ಎತ್ತಿನ ಕೊರಳಿಗೆ ಕಟ್ಟಿದ ಮಿಲಿಟರಿ ಗುಂಡಿಗಳು

ನಾನು ಚಿಕ್ಕವನಿದ್ದಾಗ ಅಕ್ಕನ ಆಸ್ತಿಯೆಂದರೆ ಒಂದು ತಗಡಿನ ಡಬ್ಬಿ. ಅದರ ತುಂಬ ಮಿಲಿಟರಿ ಗುಂಡಿಗಳು, ಬ್ಯಾಡ್ಜುಗಳು. ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಸಿಪಾಯಿಗಳು ತೊಟ್ಟು ಬಿಟ್ಟ ಖಾಕಿ ಉಣ್ಣೆಕೋಟುಗಳು ಬನ್ನೂರು ಸಂತೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ನಮ್ಮೂರ ಗಂಡಸರು ಅವನ್ನೇ ತೊಟ್ಟು ಚಳಿಯಲ್ಲಿ ಗದ್ದೆಗೆ ನೀರು ಕಟ್ಟುತ್ತಿದ್ದರು. ಅಕ್ಕ ಅವರ ಕೋಟಿನ, ದೊರೆಯ ಕಿರೀಟದ ಅಚ್ಚಿದ್ದ ಹಿತ್ತಾಳೆ ಗುಂಡಿಗಳನ್ನು ಬಿಚ್ಚಿಕೊಂಡು, ಬದಲಿಗೆ ಮರದ ಗುಂಡಿ ಹೊಲಿದುಕೊಡುತ್ತಿದ್ದಳು.

ಆ ವರ್ಷ ಸಂಕ್ರಾಂತಿಗೆ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ನಮ್ಮ ಎತ್ತಿಗೊಂದು ಕೊರಳಪಟ್ಟಿ ಮಾಡಿದಳು. ಅಪ್ಪನ ಕೋಟಿನ ಒಳಪದರದಲ್ಲಿ ಬೆರಳುದ್ದದ ಹಿತ್ತಾಳೆ ತುಂಡೊಂದು ಸಿಕ್ಕಿತ್ತು. ಅದನ್ನು ನಡುವೆ ತೂಗುಬಿಟ್ಟಳು. ಅಪ್ಪ ನೋಡಿ ನಕ್ಕ.

"ಅಲ್ಲ ಕಣವ್ವ, ದೊರೆ ಕಿರೀಟನೆಲ್ಲ ತಂದು ಎತ್ತಿನ ಕತ್ಗೆ ಕಟ್ಬುಟ್ಟಲ್ಲ."

ಸಂಜೆ ಊರ ಮುಂದೆ ಹುಲ್ಲು, ಕಬ್ಬಿನ ತರಗು ಹರಡಿ ಕಿಚ್ಚು ಹಚ್ಚಿದರು. ದನಗಳು ಅದನ್ನು ಹಾಯ್ದರೆ ಅವುಗಳಿಗೆ ರೋಗ ಬಾರದೆಂಬ ನಂಬಿಕೆ. ಎಲ್ಲೆಲ್ಲೂ ಹೊಗೆ, ಅರಿಶಿನ, ಬೆವರಿನ ವಾಸನೆ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಅಪ್ಪ ನಮ್ಮ ಎತ್ತಿನ ಜೊತೆ ಹಾರಿ ಆಚೆ ನಿಂತ. ಹಾರಿದ ರಭಸಕ್ಕೆ ದಾರ ಕಿತ್ತು ಕೊರಳಪಟ್ಟಿ ಬೆಂಕಿಗೆ ಬಿತ್ತು. ಅಕ್ಕ ಕೋಲು ಹಿಡಿದು ಓಡಿದಳು.

ಬರ್ಮಾ ಯುದ್ಧಕ್ಕೆ ಹೋಗಿಬಂದಿದ್ದ ಸೋದರಮಾವ ಆಗಷ್ಟೇ ನಂಜನಗೂಡಿನ ಕಡೆಯಿಂದ ಬಸ್ಸಿಳಿದು ಬಂದು ನನ್ನ ಪಕ್ಕ ನಿಂತಿದ್ದ.

"ಏನ್ಲಾ ಅದು, ಅವ್ಳು ಕೆದುಕ್ತಾ ಇರದು?"

"ಗುಂಡಿ ಪಟ್ಟಿ, ಮಾವ. ಮಧ್ಯಕ್ಕೆ ಚೂಪ್ಗಿರೋದೊಂದು ಹಿತ್ತಾಳೆದು ಐತೆ. ಕೋಟಲ್ಲಿ ಸಿಕ್ತು."

"ಚೂಪ್ಗಾ?" ಎಂದವನೇ ಮಾವ ಓಡಿ, ಅಕ್ಕನ ಜಡೆ ಹಿಡಿದೆಳೆದು ನೆಲಕ್ಕೆ ಕೆಡವಿ ಅವಳ ಮೇಲೆ ಬಿದ್ದ.

ಅಷ್ಟರಲ್ಲಿ ಸಿಡಿಯಿತು. ಅದು ಹಾರಿಸದೆ ಉಳಿದಿದ್ದ ಬಂದೂಕಿನ ತೋಟಾ. ಕೆಂಡ ನನ್ನ ಕೆನ್ನೆಗೆ ರಾಚಿತು. ಬೆದರಿದ ಎತ್ತು ತಿರುಗಿ ಕಿಚ್ಚಿನೊಳಗೇ ನುಗ್ಗಿತು. ಮುಂಗೈಯ ಹಗ್ಗ ಬಿಚ್ಚಲಾಗದ ಅಪ್ಪನನ್ನು ಬೆಂಕಿಯ ಮೇಲೆ ದರದರನೆ ಎಳೆದುಕೊಂಡು ಬಂತು. ಅವನು ತೊಟ್ಟಿದ್ದ ಕೋಟು ಹೊತ್ತಿಕೊಂಡಿತು. ಎತ್ತು ತಲೆ ಕೊಡವಿದಾಗ ಕೊಂಬು ಅವನ ತೊಡೆಗೆ ಹೊಕ್ಕಿತು. ಯಾರೋ ಕುಡುಗೋಲಿನಿಂದ ಹಗ್ಗ ಕತ್ತರಿಸಿದರು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಸುಟ್ಟ ಉಣ್ಣೆಯ ವಾಸನೆ. ಆಮೇಲೆ, ಅಪ್ಪನ ಕೂಗು ಥಟ್ಟನೆ ನಿಂತುಹೋದದ್ದು.

ಎಲ್ಲ ಮುಗಿದ ಮೇಲೂ ಮಾವ ಅಕ್ಕನನ್ನು ಬಿಟ್ಟಿರಲಿಲ್ಲ. "ತಲೆ ಎತ್ಬ್ಯಾಡ, ತಲೆ ಎತ್ಬ್ಯಾಡ" ಎಂದು ಮಣ್ಣಿಗೆ ಮುಖವೊತ್ತಿ ಹೇಳುತ್ತಲೇ ಇದ್ದ. ನರಸೀಪುರದ ಆಸ್ಪತ್ರೆಗೆ ಒಯ್ಯಲು ಗಾಡಿಗೆ ಹಾಕಿದಾಗ ಎಚ್ಚರಗೊಂಡ ಅಪ್ಪನೇ ಕೊನೆಗೆ ಮಾವನಿಗೆ ಕೂಗಿ ಹೇಳಿದ.

"ಎದ್ದೇಳಪ್ಪ. ಯುದ್ಧ ಮುಗ್ದೋಯ್ತು."

ಅಪ್ಪ ಬದುಕಿದ, ಕೊನೆತನಕ ಕುಂಟಿದ. ಅಕ್ಕ ಮತ್ತೆ ಡಬ್ಬಿ ಮುಟ್ಟಲಿಲ್ಲ.

ಮಕ್ಕಳೇ, ನೀವೂ ಬ್ಯಾಡ್ಜು ಕೂಡಿಹಾಕುತ್ತೀರಿ. ಫೋನಿನಲ್ಲಿ ಬೆರಳೊತ್ತಿದರೆ ಯಾವುದೋ ದೇಶದ ಸಿಪಾಯಿಯ ಬ್ಯಾಡ್ಜು ಹತ್ತಿಯಲ್ಲಿ ಸುತ್ತಿಕೊಂಡು ಮನೆಬಾಗಿಲಿಗೆ ಬರುತ್ತದೆ. ನಮಗೆ ಅವು ಯಾರದೋ ಬೆವರು ಮೆತ್ತಿದ ಕೋಟಿನೊಡನೆ ಬಂದವು. ಒಳಗೆ ಇನ್ನೇನು ಉಳಿದಿದೆಯೆಂದು ಯಾರೂ ನೋಡಿರಲಿಲ್ಲ. ಪೊಟ್ಟಣ ಬಂದಾಗಲೆಲ್ಲ ನಾನೇ ಮೊದಲು ಬಿಚ್ಚಬೇಕೆಂದು ಹಠ ಹಿಡಿಯುತ್ತೇನೆ. "ತಾತಂಗೆ ನಮಗಿಂತ ಆಸೆ" ಎಂದು ನಗುತ್ತೀರಿ. ನಗಿ. ಆದರೆ ನಾನು ಬಿಚ್ಚುವಾಗ ಸ್ವಲ್ಪ ದೂರ ನಿಂತಿರಿ.