ಸಿನಿಮಾದ ಶಾಲು, ಪುಸ್ತಕದ ಟವೆಲ್ಲು

ಮುನ್ನೂರ ಇಪ್ಪತ್ತು ರೂಪಾಯಿ.

ಬೆನ್ನು ಬಿಟ್ಟ, ರಟ್ಟು ಮುರಿದ, ಯಾರದೋ ಮನೆಯ ಅರಿಶಿಣದ ಬೆರಳಚ್ಚು ಮೂಡಿದ ಒಂದು ಹಳೇ ಪುಸ್ತಕಕ್ಕೆ ನಾನು ಕೊಟ್ಟ ರೇಟು ಇದು. ಅದೂ ಎಲ್ಲಿ? ಪುಸ್ತಕದ ಅಂಗಡಿಯಲ್ಲಲ್ಲ. ಹರಪನಹಳ್ಳಿಯ ಒಂದು ರದ್ದಿ ಅಂಗಡಿಯಲ್ಲಿ. ಅಲ್ಲಿ ಎಲ್ಲಾ ಕಿಲೋ ಲೆಕ್ಕ. ತಕ್ಕಡಿಗೆ ಹಾಕಿದ್ದರೆ ಹತ್ತು ರೂಪಾಯಿಗಿಂತ ಮೇಲೆ ಏಳುತ್ತಿರಲಿಲ್ಲ.

ನನ್ನನ್ನು ಬಲ್ಲವರು ಇಷ್ಟಕ್ಕೇ ಪೇಪರ್ ಮಡಚಿಟ್ಟು ನಗುತ್ತಿರಬಹುದು. ನಗಲಿ. ಹದಿನಾರನೇ ವಯಸ್ಸಿಗೆ ಕುರಿ ದಲ್ಲಾಳಿಯಾಗಿ ಸಂತೆಯಿಂದ ಸಂತೆಗೆ ತಿರುಗಿ, ಕೊನೆಗೆ ಕೊಟ್ಟೂರಿನಲ್ಲಿ ಸ್ವಂತ ಬಟ್ಟೆ ಅಂಗಡಿ ಹಾಕಿದವನು ನಾನು. ಬಾಳೆಹಣ್ಣಿನವನ ಹತ್ತಿರ ಒಂದು ಹಣ್ಣು ಜಾಸ್ತಿ ಹಾಕಿಸಿಕೊಳ್ಳದೆ ಮನೆಗೆ ಬಂದವನಲ್ಲ. (ಲಸಿಕೆ ಹಾಕಿಸಿಕೊಳ್ಳುವಾಗ, 'ಎರಡೂ ಕೂಡಿಸಿ ಒಂದೇ ಸಲ ಹಾಕಿಬಿಡ್ರಿ, ಮತ್ತೆ ಓಡಾಟ ಯಾಕ?' ಎಂದು ಕೇಳಿ ನರ್ಸಮ್ಮನಿಂದ ಬೈಸಿಕೊಂಡಿದ್ದೇನೆ.) ಅಂಥವನು ಹೇಗೆ ಸಿಕ್ಕಿಬಿದ್ದೆ?

ಯಾಕೆ ಬೇಕು ಅಂತ ಹೇಳಿಬಿಟ್ಟೆ. ಅಷ್ಟೇ.

ಆಗಿದ್ದು ಹೀಗೆ. ನನ್ನ ಹೆಂಡತಿ ಕೊಟ್ರಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಡಾಕ್ಟರು ಕಪ್ಪು ಕನ್ನಡಕ ಕೊಟ್ಟು, ದೊಡ್ಡ ಪಟ್ಟಿಯನ್ನೇ ಹೇಳಿದರು. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಮುಂದೆ ನಿಲ್ಲಬಾರದು, ಟೀವಿ-ಮೊಬೈಲು ಸದ್ಯಕ್ಕೆ ಬೇಡ, ಅಳಬಾರದು. ಕೊನೆಯ ಎರಡು ಕೇಳಿ ಆಕೆಯ ಮುಖ ಸಣ್ಣದಾಯಿತು. ಯಾಕೆಂದರೆ ತಿಂಗಳಿಗೊಮ್ಮೆಯಾದರೂ ಆಕೆ ಒಂದು ಸಿನಿಮಾ ನೋಡಬೇಕು. ನೋಡಿ ಅಳಬೇಕು.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನಿಮ್ಮ ಮನೆಯಲ್ಲೂ ಜಗಳ. ಹನ್ನೊಂದು ಹಾಡಿನ ಹಳೇ ಸಿನಿಮಾ ಅನ್ನಿ. ಊರೂರು ತಿರುಗುವ ನಾಟಕ ಕಂಪನಿ. ಅದರಲ್ಲಿ ಒಬ್ಬ ಹಾರ್ಮೋನಿಯಂ ಮಾಸ್ತರ, ಒಬ್ಬಳು ಹಾಡುವ ಹುಡುಗಿ. ನದಿ ದಂಡೆಯಲ್ಲಿ ಒಂದೇ ಶಾಲಿನ ಒಳಗೆ ಇಬ್ಬರ ಕೈ ಸೇರುತ್ತವೆ. ಆರು ನಿಮಿಷದ ಹಾಡು. ಆಮೇಲೆ ಆಕೆಗೆ ಜ್ವರ. ಮಾಸ್ತರ ರಾತ್ರಿಯೆಲ್ಲಾ ಹಾಸಿಗೆ ಪಕ್ಕ ಕೂತು ಹಾಡಿ, ಬೆಳಗಾಗುವುದರೊಳಗೆ ಜ್ವರ ಇಳಿಸುತ್ತಾನೆ. (ಮಾತ್ರೆ ಕೊಟ್ಟಿದ್ದು ಎಲ್ಲೂ ತೋರಿಸುವುದಿಲ್ಲ.)

ಮದುವೆಯಾದ ಹೊಸದರಲ್ಲಿ ಕೂಡ್ಲಿಗಿಯ ಟಾಕೀಸಿನಲ್ಲಿ ಆಕೆಗೆ ಅದನ್ನು ತೋರಿಸಿದವನು ನಾನೇ. ಅವತ್ತಿನಿಂದ ಮೂವತ್ತು ವರ್ಷ, ಆ ಮಾಸ್ತರ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಸೀರೆ ತಂದರೆ, "ಮಾಸ್ತರ ಆಗಿದ್ರ ಹಾಡಿ ಕೊಡ್ತಿದ್ರು." ನಾನು ಗೊರಕೆ ಹೊಡೆದರೆ, "ಮಾಸ್ತರ ಆಗಿದ್ರ ಅದರಾಗೂ ಒಂದು ರಾಗ ಇರ್ತಿತ್ತು." ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ: "ಅದು ಸಿನಿಮಾಲೇ!"

ನಗೆ ಇರಲಿ. ಒಂದು ಮಾತು ಒಪ್ಪಬೇಕು. ನಾನು ಕುರಿ ಹಿಂಡಿನ ಬೆನ್ನು ಹತ್ತಿ ವಾರಗಟ್ಟಲೆ ಮನೆ ಬಿಡುತ್ತಿದ್ದ ಕಾಲದಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಎರಡು ಸಣ್ಣ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಆಕೆ ಸಂಜೆ ಕಳೆದದ್ದು ಆ ಹನ್ನೊಂದು ಹಾಡು ಗುನುಗಿಕೊಂಡು. ನಾನು ಇಲ್ಲದ ಸಂಜೆಗಳನ್ನು ನೋಡಿಕೊಂಡವನು ಆ ಮಾಸ್ತರ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಆದರೆ ಅವನ ಋಣವೂ ಇದೆ.

ಇಂಥಾ ಹೊತ್ತಿನಲ್ಲಿ, ಅಂಗಡಿಯ ರಟ್ಟಿನ ಡಬ್ಬ ಮಾರಲು ಹರಪನಹಳ್ಳಿಗೆ ಹೋದೆ. (ಅಲ್ಲಿ ಕಿಲೋಗೆ ಒಂದು ರೂಪಾಯಿ ಜಾಸ್ತಿ.) ರದ್ದಿ ರಾಶಿಯ ಮೇಲೆ ಈ ಪುಸ್ತಕ ಬಿದ್ದಿತ್ತು. ಆ ಸಿನಿಮಾಕ್ಕೆ ಮೂಲವಾದ ನಿಜವಾದ ನಟಿ, ತಾನೇ ಬರೆದ ತನ್ನ ಬದುಕಿನ ಕಥೆ! ಹಾಗೆ ಅಂತ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದರು.

"ಅಯ್ಯೋ, ಇದು ನಮ್ಮ ಮನಿಯಾಕಿ ಜೀವ ಬಿಡೋ ಸಿನಿಮಾ!" ಬಾಯಿ ತಪ್ಪಿ ಬಂದುಬಿಟ್ಟಿತು.

ರದ್ದಿಯವನು ಪುಸ್ತಕವನ್ನು ರಾಶಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಇದು ತೂಕದ ಮಾಲಲ್ಲ ಸಾರ್. ನಾನೂರು."

"ನೂರು ಕೊಡ್ತೀನಿ ನೋಡಪ್ಪ."

"ಅಕ್ಕಾರಿಗೆ ಅಂತೀರ, ಮತ್ತೆ ಚೌಕಾಸಿ ಮಾಡ್ತೀರ? ಅವರಿಗೆ ಹೋಗಿ ಏನು ಹೇಳ್ತೀರಿ, ನೂರಕ್ಕಿಂತ ಜಾಸ್ತಿ ನೀನು ಬಾಳಲ್ಲ ಅಂತನಾ?"

ಹೇಳಿ, ಇದರ ಮೇಲೆ ಯಾವ ಗಂಡಸು ಚೌಕಾಸಿ ಮಾಡುತ್ತಾನೆ? ನಾನಾದ್ದರಿಂದ ಎಂಬತ್ತು ಇಳಿಸಿದೆ.

ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಮನೆಗೆ ಬಂದು, ಒಂದು ತಾಸು ಓದಿ ಹೇಳುವುದು ಅಂತ ಒಪ್ಪಂದವಾಯಿತು. ಕೊಟ್ರಮ್ಮ ಗೋಡೆಗೆ ಒರಗಿ, ಕಪ್ಪು ಕನ್ನಡಕ ಹಾಕಿಕೊಂಡು, ಕಾಲು ಚಾಚಿ ಕೂತಳು. ಮೊದಲ ದಿನ ಎಲ್ಲಾ ಚೆಂದ. ಬಾಲ್ಯ, ಬಡತನ, ಕುರಿ ಕಾಯುತ್ತಾ ಹಾಡು ಕಲಿತದ್ದು. "ನಮ್ಮಪ್ಪನ ಮನಿ ಕಥಿನ ಬರದಾಳ ನೋಡ್ರಿ" ಎಂದು ಆಕೆಗೆ ಖುಷಿಯೋ ಖುಷಿ. ಆಕೆಯ ತವರೂ ಉಜ್ಜಿನಿ ಕಡೆಯ ಕುರಿ ಮನೆತನವೇ.

ಎರಡನೇ ದಿನ ಆಕೆ ನಿದ್ದೆಯಲ್ಲಿದ್ದಾಗ ನಾನು ನಾಲ್ಕು ಪುಟ ಮುಂದೆ ಓದಿದೆ. ಓದಿ, ಎದ್ದು ಹೋಗಿ ನೀರು ಕುಡಿದು ಬಂದೆ.

ನದಿ ಇಲ್ಲ. ಶಾಲೂ ಇಲ್ಲ. ಇದ್ದದ್ದು ಟವೆಲ್ಲು.

ಕುರಿ ಸಂತೆ ನೋಡಿದವರಿಗೆ ಗೊತ್ತು. ಕೊಳ್ಳುವವನು, ಮಾರುವವನು ಇಬ್ಬರ ಕೈ ಮೇಲೆ ಒಂದು ಟವೆಲ್ಲು ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ರೇಟು ಹೇಳುವುದು. ಮೂರು ಬೆರಳು ಹಿಡಿದರೆ ಮೂರು, ನಾಲ್ಕು ಹಿಡಿದರೆ ನಾಲ್ಕು. ಸುತ್ತ ನಿಂತವರಿಗೆ ಒಂದೂ ತಿಳಿಯಬಾರದು. ಈ ಹುಡುಗಿಯನ್ನು ಕಂಪನಿಗೆ ಸೇರಿಸಿಕೊಳ್ಳಲು ಮಾಲೀಕ ಹಾರ್ಮೋನಿಯಂ ಮಾಸ್ತರನನ್ನು ಕಳಿಸಿದ್ದಾನೆ. ಆಕೆಯ ಅಪ್ಪ ಕುರಿ ವ್ಯಾಪಾರಿ. ಅಭ್ಯಾಸಬಲ, ಮಗಳ ಸಂಬಳಕ್ಕೂ ಟವೆಲ್ಲು ಹೊದಿಸಿದ್ದಾನೆ! ಅಪ್ಪನ ಮುಖ ನೋಡಿಯೇ ಮಗಳಿಗೆ ಗೊತ್ತಾಯಿತಂತೆ, ಕಡಿಮೆಗೆ ಒಪ್ಪುತ್ತಿದ್ದಾನೆ ಅಂತ. ಸೀದಾ ಬಂದು, ಅಪ್ಪನ ಕೈ ಎಳೆದು ಹೊರಗೆ ಹಾಕಿ, ಟವೆಲ್ಲಿನ ಒಳಗೆ ತನ್ನ ಕೈ ತೂರಿಸಿ, ಮಾಸ್ತರನ ಬೆರಳು ಹಿಡಿದಳು. ಎರಡು ಬೆರಳು ಜಾಸ್ತಿ. ಅವರಿಬ್ಬರ ಕೈ ಸೇರಿದ್ದು ಹಾಗೆ. ಮಾಸ್ತರನ ಕೈ ಬೆವರುತ್ತಿತ್ತು, ಆದರೂ ಪೂರಾ ಎರಡು ಒಪ್ಪಲಿಲ್ಲ, ಒಂದೂವರೆಗೆ ನಿಲ್ಲಿಸಿದ ಅಂತಲೂ ಬರೆದಿದ್ದಾಳೆ.

ನನಗೆ ಆದ ಖುಷಿ ಎಂಥದ್ದು ಗೊತ್ತೆ? ಇಂಥಾ ಹೆಣ್ಣುಮಗಳನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ಮೇಲಾಗಿ, ಮೂವತ್ತು ವರ್ಷ ನನ್ನ ತಲೆಯ ಮೇಲೆ ಕೂತಿದ್ದ ಮಾಸ್ತರ ಒಬ್ಬ ಬಿಗಿ ಮುಷ್ಟಿಯ ವ್ಯಾಪಾರಿ! ಆಕೆಯನ್ನು ಎಬ್ಬಿಸಿ ಹೇಳಿಬಿಡಲೆ ಅನ್ನಿಸಿತು. ತಿರುಗಿ ನೋಡಿದೆ. ನಿದ್ದೆಯಲ್ಲೂ ಕಪ್ಪು ಕನ್ನಡಕ. ತುಟಿಯ ಮೇಲೆ ಅದೇ ಶಾಲಿನ ಹಾಡು ಕೂತಂತಿತ್ತು.

ಆಗಲಿಲ್ಲ ಕಣ್ರಿ. ಆಕೆ ಎದ್ದ ಮೇಲೆ ಪುಸ್ತಕ ಮುಖಕ್ಕೆ ಹಿಡಿದು, ಸಿನಿಮಾವನ್ನೇ ಓದಿದೆ. ನದಿ, ಬೆಳದಿಂಗಳು, ಶಾಲು. ನನ್ನ ಕೈಯಿಂದ ನಾಲ್ಕು ನಕ್ಷತ್ರ ಜಾಸ್ತಿ ಹಾಕಿದೆ.

ಮೂರನೇ ದಿನ ಜ್ವರದ ಅಧ್ಯಾಯ. ಅದೂ ಬೇರೆಯೇ ಇತ್ತು. ನಾನು ಪುಸ್ತಕ ತೆರೆದು, ರಾತ್ರಿಯೆಲ್ಲಾ ಹಾಡುವ ಮಾಸ್ತರನನ್ನು ಕರೆತಂದು ಕೂರಿಸಿದೆ. ಎರಡನೇ ಹಾಡಿಗೆ ಬಂದಿದ್ದೆ, ಅಷ್ಟರಲ್ಲಿ ಕೊಟ್ರಮ್ಮ ಕೇಳಿದಳು:

"ಎಷ್ಟನೇ ಪುಟ?"

"ತೊಂಬತ್ತು... ತೊಂಬತ್ತೊಂದು."

"ಪುಟ ಮಗುಚಿದ್ದ ಸಪ್ಪಳ ಬರಲಿಲ್ಲಲ್ಲ?"

"ತೆಳ್ಳನ ಕಾಗದ ಐತಿ."

"ಹೌದೇನ್ರಿ? ಕಾಗದ ತೆಳ್ಳಗಿರಬಹುದು. ನಿಮ್ಮ ದನಿ ನನಗ ಗೊತ್ತೈತಿ. ಗಿರಾಕಿ ಮುಂದ 'ನನಗ ಬಿದ್ದಿದ್ದ ಇಷ್ಟು ನೋಡಕ್ಕಾ, ಒಂದು ರೂಪಾಯಿ ಉಳಿಯಂಗಿಲ್ಲ' ಅಂತೀರಲ್ಲ, ಆವಾಗ ಬರೋ ದನಿ ಅದು. ನಿನ್ನೆಯಿಂದ ಅದ ದನಿಯೊಳಗ ಓದಾಕ ಹತ್ತೀರಿ."

ಇಪ್ಪತ್ತು ವರ್ಷ ನನ್ನ ಗಲ್ಲಾ ಪಕ್ಕದಲ್ಲಿ ಕೂತ ಹೆಂಗಸು. ನಾನು ಯಾರಿಗೆ ಸುಳ್ಳು ಮಾರಲು ಹೊರಟಿದ್ದೆ?

"ನಿನಗ ಬ್ಯಾಸರ ಆಗಬಾರದು ಅಂತ..."

"ಕನ್ನಡಕ ಹಾಕ್ಯಾರ ಕಣ್ಣಿಗೆ, ಕಿವಿಗಲ್ಲ. ಆಯಮ್ಮ ಹೆಂಗ ಬರದಾಳ ಹಂಗ ಓದ್ರಿ. ನಿನ್ನೆದೂ ಮತ್ತ ಓದ್ರಿ."

ಓದಿದೆ. ಟವೆಲ್ಲಿನಿಂದ ಶುರು ಮಾಡಿ, ಬರೆದದ್ದು ಬರೆದ ಹಾಗೆ. ಮೂವತ್ತು ವರ್ಷದ ಹಾಡೊಂದನ್ನು ನಾನೇ ಕೈಯಾರೆ ಹರಿಯುತ್ತಿದ್ದೇನೆ ಅನ್ನಿಸಿತು. ಮುಗಿಸಿದೆ.

ಕೊಟ್ರಮ್ಮನ ಹೊಟ್ಟೆ ನಗುವಿಗೆ ನಿಧಾನಕ್ಕೆ ಅಲುಗತೊಡಗಿತು.

"ನನಗ ಮೊದಲಿಂದ ಒಂದು ಡೌಟ್ ಇತ್ತು ನೋಡ್ರಿ. ಗಂಡ್ಸು ಹೆಂಗ್ಸು ಕೈ ಹಿಡಿಯಾಕ ಶಾಲು ಯಾಕ ಬೇಕು? ಅಲ್ಲಿ ಚಳಿನೂ ಇದ್ದಿಲ್ಲ. ಈಗ ತಿಳೀತು!" ನಕ್ಕಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. (ಅಳಬಾರದು ಅಂದಿದ್ದರು ಡಾಕ್ಟರು, ನಗಬಾರದು ಅಂದಿರಲಿಲ್ಲ. ಆದರೂ ಹೆದರಿ ಹತ್ತಿಯಲ್ಲಿ ಒರೆಸಿದೆ.) "ಅಪ್ಪನ ಕೈ ಎಳದು ಹೊರಗ ಹಾಕಿದ್ಲಾ? ಭೇಷ್. ಮುಂದ ಓದ್ರಿ. ಜ್ವರ."

ಜ್ವರದ ಕಥೆ ಇಷ್ಟು. ಹೊಳೆ ದಂಡೆಯ ಮಾಗಳ ಅನ್ನೋ ಊರಲ್ಲಿ ಕಂಪನಿ ಬಿಡಾರ. ನಟಿಗೆ ಎದ್ದು ಕೂರಲಾಗದ ಜ್ವರ. ಟಿಕೆಟ್ ಎಲ್ಲಾ ಖಾಲಿಯಾಗಿವೆ. ಮಾಸ್ತರ ಮೀಸೆ ಬೋಳಿಸಿ, ಆಕೆಯ ಸೀರೆಯನ್ನೇ ಉಟ್ಟು, ಆಕೆಯ ಪಾತ್ರಕ್ಕೆ ನಿಂತ. ಮಾತು ಹೇಗೋ ಸಾಗಿತು. ಹಾಡು ಬಂತು. ಜನ ಶಿಳ್ಳೆ ಹೊಡೆದು ಕೂರಿಸಿದರು. ಯಾಕೆಂದರೆ ಮಾಸ್ತರನಿಗೆ ಕಂಠವೇ ಇರಲಿಲ್ಲ! ಬೆರಳಷ್ಟೇ ಹಾಡುತ್ತಿದ್ದವು. ನಾಟಕ ಮುಗಿಸಿ ಬಂದವನೇ, ಉಟ್ಟ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಮೂರು ಕಲ್ಲು ಹೂಡಿ ಗಂಜಿ ಕಾಯಿಸಿದ. ತಳ ಸೀದಿತ್ತು. ಮರುದಿನ ಕಂಪನಿಯ ಗಂಡಸರೆಲ್ಲ ನೋಡುತ್ತಿರುವಾಗ ಹೊಳೆಯಲ್ಲಿ ಆಕೆಯ ಬಟ್ಟೆ ಒಗೆದ. ಮುಂದೆ ಅವನು ಬದುಕಿರುವ ತನಕ, ಆಕೆ ಮಲಗಿದಾಗಲೆಲ್ಲ ಗಂಜಿ ಅವನದೇ. ಸೀಯಿಸದೆ ಮಾಡುವುದನ್ನು ಮಾತ್ರ ಕಲಿಯಲಿಲ್ಲವಂತೆ.

ನನಗೆ ತಡೆಯಲಾಗಲಿಲ್ಲ. "ಕೇಳಿದ್ಯಾ? ನಿನ್ನ ಮಾಸ್ತರಗ ಹಾಡಾಕ ಬರ್ತಿದ್ದಿಲ್ಲ!"

"ಹೂಂ. ನಿಮ್ಮಂಗ."

"ಚೌಕಾಸಿ ಬ್ಯಾರೆ ಮಾಡ್ಯಾನ!"

"ನಿಮ್ಮಂಗ."

"ಕೈ ಬೆವರ್ತಿತ್ತಂತ!"

"ಅದೂ ನಿಮ್ಮಂಗ. ಹೆಣ್ಣು ನೋಡಾಕ ಬಂದಾಗ ಚಹಾದ ಕಪ್ ಜಾರಿಸಿದ್ರಿ, ಮರತಿಲ್ಲ ನಾನು."

ಮೂವತ್ತು ವರ್ಷದ ಕೇಸು ಗೆದ್ದಂತಾಯಿತು. ಕಾಲ ಮೇಲೆ ಕಾಲು ಹಾಕಿ ಕೂತೆ. ಆಗ ಆಕೆ ಮೆಲ್ಲಗೆ ಕೇಳಿದಳು:

"ಮತ್ತ ಗಂಜಿ?"

ಆಪರೇಷನ್ ಆದಂದಿನಿಂದ ನಮ್ಮ ಮನೆಗೆ ಊಟ ಖಾನಾವಳಿಯದು. ಕ್ಯಾರಿಯರ್ ತರುವುದನ್ನೇ ನಾನು ದೊಡ್ಡ ಸೇವೆ ಅಂದುಕೊಂಡಿದ್ದೆ.

"ಇಷ್ಟು ವರ್ಷ 'ಅದು ಸಿನಿಮಾ, ಅದು ಸಿನಿಮಾ' ಅಂದ್ರಿ. ಖರೇನ ಬಿಡು ಅಂತ ನಾನೂ ಸುಮ್ನಾದೆ. ಬೆಳದಿಂಗಳಾಗ ಹಾಡ್ರಿ ಅಂದ್ರ ನಿಮಗೆಲ್ಲಿಂದ ಬರಬೇಕು? ಇದು ಸಿನಿಮಾ ಅಲ್ಲಲ್ರಿ. ಖರೇ ಇದ್ದ ಗಂಡ್ಸು. ಅವಗ ಸೀರಿ ಉಟ್ಟು ಅಷ್ಟು ಜನದ ಮುಂದ ನಿಂದ್ರಾಕ ಆತು. ನಿಮಗ ಲುಂಗಿ ಉಟ್ಟು ಗ್ಯಾಸಿನ ಮುಂದ ನಿಂದ್ರಾಕ ಆಗಂಗಿಲ್ಲ?"

ನಾನು ವ್ಯಾಪಾರಿ. ಬಿಡುತ್ತೇನೆಯೆ?

"ಚಹಾ ಮಾಡ್ತೀನಿ."

"ಗಂಜಿ."

"ಒಗ್ಗರಣಿ ಮಂಡಕ್ಕಿ?"

"ಗಂಜಿ."

"ವಾರಕ್ಕೊಂದ್ ಸಲ."

"ದಿನಾ. ಈ ಕನ್ನಡಕ ತಗಿಯೋ ತನಕ."

ಒಂದು ಬೆರಳೂ ಇಳಿಸಲಿಲ್ಲ. ಆಕೆ ಪೂರಾ ಎರಡು ವಸೂಲಿ ಮಾಡುವ ಪೈಕಿ.

ಸಂಜೆ ಅಕ್ಕಿ ನುಚ್ಚು ಹಾಕಿ ಗಂಜಿ ಮಾಡಿದೆ. ಉಪ್ಪಿನ ಡಬ್ಬಿ ಯಾವುದು ಅಂತ ಮೂರು ಸಲ ಕೂಗಿ ಕೇಳಿದೆ. ಕೊಟ್ರಮ್ಮ ಒಂದು ಚಮಚ ಬಾಯಿಗಿಟ್ಟು ಹೇಳಿದಳು, "ಇದರಾಗ ಸಿನಿಮಾದ ಪೋಸ್ಟರ್ ಅಂಟಿಸಬಹುದು ನೋಡ್ರಿ." ಬಟ್ಟಲು ಪೂರ್ತಿ ಖಾಲಿ ಮಾಡಿದಳು. ಇನ್ನೊಂದು ಸೌಟು ಹಾಕ್ರಿ ಅಂದಳು. ಹಾಕುವಾಗ ನನ್ನ ಕೈ ಬೆವರಿದ್ದು ಒಲೆಯ ಬಿಸಿಗೆ ಅಂತಲೇ ಇಟ್ಟುಕೊಳ್ಳಿ.

ಶಾಲಿನ ಹಾಡನ್ನು ಆಕೆ ಬಿಟ್ಟಿಲ್ಲ. ಈಗಲೂ ಗುನುಗುತ್ತಾಳೆ. ಶಾಲಿನೊಳಗೆ ಕೈ ಸೇರುವ ಸಾಲು ಬಂದಾಗ ಬೆರಳು ಎರಡು ಎತ್ತಿ ತೋರಿಸಿ ನಗುತ್ತಾಳೆ, ಅಷ್ಟೇ.

ಗಂಡಸರಿಗೆ ನನ್ನ ಸಲಹೆ, ಬಿಟ್ಟಿಯಾಗಿ. ಹೆಂಡತಿ ಮೆಚ್ಚಿದ ಸಿನಿಮಾ ಯಾವುದೇ ಇರಲಿ, ಅದರ ನಾಯಕನನ್ನು ಸಿನಿಮಾದಲ್ಲೇ ಬಿಡಿ. ಅವನು ಬೆಟ್ಟದ ಮೇಲೆ ಓಡಲಿ, ಹಾಡಲಿ, ಜ್ವರ ಇಳಿಸಲಿ, ನಿಮಗೆ ಅಪಾಯವಿಲ್ಲ. ನಿಜ ತಿಳಿಯುವ ಚಟ ಇದ್ದರೆ ಮೊದಲು ನೀವೊಬ್ಬರೇ ಓದಿ, ಆಸಾಮಿ ಅಡುಗೆಮನೆಗೆ ಕಾಲಿಟ್ಟಿದ್ದಾನೋ ಇಲ್ಲವೋ ಪುಟ ಪುಟ ತಪಾಸಣೆ ಮಾಡಿ. ಆಗಲೇ ಸಿಕ್ಕಿಬಿದ್ದಿದ್ದರೆ ಕೇಳಿ: ಒಂದು ಲೋಟ ನುಚ್ಚಿಗೆ ಏಳು ಲೋಟ ನೀರು, ಸಣ್ಣ ಉರಿ, ಕೈಯಲ್ಲಿ ಮೊಬೈಲು ಬೇಡ, ತಿರುವುತ್ತಲೇ ಇರಿ.

ಸಿನಿಮಾ ನಾಯಕನ ಮುಂದೆ ಸೋತರೆ ನಕ್ಕು ಬಿಡಬಹುದು. ನಿಮ್ಮಂಥದೇ ಒಬ್ಬ ಗಂಡಸಿನ ಮುಂದೆ ಸೋತರೆ ಯಾವ ನೆಪ ಹೇಳುತ್ತೀರಿ?