ಸಾವಿನ ಮನೆಯಿಂದ ಹೇಳದೆ ಹೊರಟ ನೀಲಿ ಕೋಟು

ಆ ಶನಿವಾರ ಮಧ್ಯಾಹ್ನ ಹಿರಿಯಡ್ಕದ ಮನೆಯಲ್ಲಿ ನಾವು ನಾಲ್ವರಿದ್ದೆವು. ನಾನು, ನನ್ನ ನಾದಿನಿ ಶಶಿಕಲಾ, ಅವಳ ಮಗಳು ನಿಶಾ, ಮತ್ತೆ ಬನ್ನಂಜೆಯಿಂದ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ ಗೆಳತಿ ಜುಬೇದಾ. ಜುಬೇದಾಳಿಗೆ ಕಾಪುವಿನಲ್ಲಿ ಬಟ್ಟೆ ಅಂಗಡಿ. ನಿಶಾಳ ನಿಶ್ಚಿತಾರ್ಥಕ್ಕೆಂದು ಸೀರೆಯ ಗಂಟು ಬಿಚ್ಚಿ ಹರಡಿದ್ದಳು. (ಅವಳ ಮನೆಮಾತು ಬ್ಯಾರಿ, ನಮ್ಮದು ತುಳು. ಒಟ್ಟಿಗೆ ಕೂತರೆ ಕನ್ನಡ.)

ಹಸಿರು ಸೀರೆಯೋ ಕೆಂಪೋ ಎಂಬ ಚರ್ಚೆ ಕಾವೇರುತ್ತಿದ್ದಾಗ ಶಶಿಕಲಾ ಗಡಿಯಾರ ನೋಡಿ ಎದ್ದಳು.

"ಸೀರೆ ಆಮೇಲೆ ನೋಡುವ. ನನಗೊಂದು ಸಾವಿನ ಮನೆಗೆ ಹೋಗ್ಲಿಕ್ಕೆ ಉಂಟು."

ಜುಬೇದಾ ಗಾಬರಿಯಿಂದ ಸೀರೆಗಳನ್ನೆಲ್ಲ ಮುಚ್ಚಿದಳು. "ಅಲ್ಲ ಮಾರಾಯ್ತಿ, ಗೇಟಿನವರೆಗೆ ನಡೀಲಿಕ್ಕೆ ಆಗುದಿಲ್ಲ ನಿನಗೆ. ಎಲ್ಲಿಗೆ ಹೋಗುದು? ಕಾರು ತೆಗೀಬೇಕಾ?"

"ಕಾರು ಬೇಡ," ಎಂದಳು ಶಶಿಕಲಾ. ಒಳಕೋಣೆಯ ಮೇಜಿನ ಬಳಿ ಕೂತಳು. ಲ್ಯಾಪ್‌ಟಾಪ್ ತೆರೆದಳು.

ಮಂಡಿ ಕೈಕೊಟ್ಟ ಮೇಲೆ ಶಶಿಕಲಾ ಹೊರಗೆ ಹೋದದ್ದೇ ಅಪರೂಪ. ಇಂಗ್ಲಿಷ್ ಟೀಚರ್ ಆಗಿದ್ದವಳು, ಮಾತು ಜಾಸ್ತಿ, ಕೇಳುವವರು ಕಡಿಮೆ. ಮಣಿಪಾಲದಲ್ಲಿ ಕೆಲಸಕ್ಕಿರುವ ನಿಶಾ ಅಮ್ಮನಿಗೆ ಬೇಸರ ಆಗಬಾರದೆಂದು ಯಾವುದೋ ಆನ್‌ಲೈನ್ ಲೋಕಕ್ಕೆ ಸೇರಿಸಿದ್ದಳು. ಅಲ್ಲಿ ನಮಗೊಂದು ಗೊಂಬೆ ದೇಹ, ಗೊಂಬೆ ಮನೆ. ನಡೆಯಬಹುದು, ಓಡಬಹುದು, ಬೇರೆಯವರ ಮನೆಗೆ ಹೋಗಿ ಹರಟೆ ಟೈಪ್ ಮಾಡಬಹುದು. ನಿಜವಾದ ಹೆಸರು, ಊರು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ.

ಇಷ್ಟು ನನಗೆ ಗೊತ್ತಿತ್ತು. ಆದರೆ ಸ್ಕ್ರೀನಿನಲ್ಲಿ ನನ್ನ ನಾದಿನಿಯನ್ನು ನೋಡಿದ್ದು ಅದೇ ಮೊದಲು. ಜೀನ್ಸ್ ತೊಟ್ಟು, ಜುಟ್ಟು ಕಟ್ಟಿ, ಗುಡ್ಡ ಹತ್ತಿ ಓಡುತ್ತಿದ್ದಳು! ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುಂಟುವ ಶಶಿಕಲಾ!

ಗುಡ್ಡದ ಆಚೆ ಒಂದು ತೋಟ. ಆ ಲೋಕದಲ್ಲಿ ಎಲ್ಲರಿಗೂ ದೋಣಿ ನಡೆಸಲು ಕಲಿಸಿದ ಒಬ್ಬ ಮುದುಕ ನಿಜವಾಗಿಯೂ ತೀರಿಕೊಂಡಿದ್ದನಂತೆ. ಯಾವ ದೇಶವೋ ಏನೋ. ಮಗ ಬಂದು ತಿಳಿಸಿದ್ದ. ಅವನಿಗಾಗಿ ಮೂವತ್ತು ನಲ್ವತ್ತು ಗೊಂಬೆಗಳು ಆ ತೋಟದಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಒಂದಕ್ಕೆ ರೆಕ್ಕೆ ಇತ್ತು, ಇನ್ನೊಂದಕ್ಕೆ ನರಿಯ ಮುಖ. ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇಗೋ, ಇವಳೇ ನನ್ನ ನೀಲಿ," ಎಂದಳು ಶಶಿಕಲಾ. ನೀಲಿ ಉಣ್ಣೆ ಕೋಟು ತೊಟ್ಟ ಗೊಂಬೆಯೊಂದು ಪಕ್ಕದಲ್ಲಿ ನಿಂತಿತ್ತು. "ಎರಡು ವರ್ಷದ ಫ್ರೆಂಡ್. ನಾರ್ವೆ ಕಡೆಯವಳಿರಬೇಕು. ಅವಳ ಹತ್ತಿರ ಹೇಳದ ವಿಷಯ ಇಲ್ಲ."

"ನಾರ್ವೆಯವಳ ಹತ್ತಿರ ಹೇಳಿದ್ರೆ ಒಳ್ಳೇದೇ. ಹಿರಿಯಡ್ಕಕ್ಕೆ ವಾಪಸ್ ಬರುದಿಲ್ಲ," ಎಂದಳು ಜುಬೇದಾ.

ಸಭೆ ಮುಗಿಯಿತು. ಗೊಂಬೆಗಳೆಲ್ಲ ಕೈ ಬೀಸಿದವು. ಬೈ, ಸೀ ಯೂ, ನಾಳೆ ಸಿಗೋಣ ಎಂಬ ಸಾಲುಗಳು ಸರಸರ ಮೇಲೇರಿದವು. ನೀಲಿ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಕೈ ಬೀಸಲಿಲ್ಲ. ತಿರುಗಿ ನೋಡದೆ ಗೇಟು ದಾಟಿದಳು. ನೇರ ಕೆಳಗಿನ ಕೆರೆಗೆ ಹೋದಳು. ಕೋಟಿನ ಸಮೇತ ಒಂದು ಮುಳುಗು ಹಾಕಿ, ಎದ್ದು, ತನ್ನ ಮನೆಯ ದಾರಿ ಹಿಡಿದಳು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಶಶೀ, ಇವಳು ಎಂಥ ನಾರ್ವೆಯವಳು? ಸಾವಿನ ಮನೆಯಿಂದ 'ಬರ್ತೇನೆ' ಅಂತ ಹೇಳದೆ ಹೊರಡುವವರು ಯಾರು? ಮಿಂದು ಮನೆಗೆ ಹೋಗುವವರು ಯಾರು? ಇವಳು ನಮ್ಮವಳು ಮಾರಾಯ್ತಿ!"

ಗೊಂಬೆಗೆ ಎಂಥ ಮೈಲಿಗೆ? ಆದರೆ ಅಭ್ಯಾಸ ಕೇಳಬೇಕಲ್ಲ! ಎರಡು ವರ್ಷ ಬಾಯಿ ಬಿಡದ ಹೆಂಗಸು ಒಂದು ಮುಳುಗಿನಲ್ಲಿ ಸಿಕ್ಕಿಬಿದ್ದಿದ್ದಳು.

ಶಶಿಕಲಾ ಮತ್ತೆ ಸ್ಕ್ರೀನಿಗೆ ಬಾಗಿದಳು. ಇಂಗ್ಲಿಷ್ ಅಕ್ಷರಗಳಲ್ಲೇ ತುಳು ಟೈಪ್ ಮಾಡಿದಳು. "ಇಲ್ಲ್ ಓಲು?" ಮನೆ ಎಲ್ಲಿ? ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡದೆ ಕೇಳುವ ಪ್ರಶ್ನೆ ಅದು.

ನೀಲಿ ನಿಂತಳು. ಮೆಲ್ಲ ತಿರುಗಿ ವಾಪಸ್ ನಡೆದು ಬಂದಳು. ಆಮೇಲೆ ಒಂದೇ ಶಬ್ದ.

"ಕಾರ್ಲ."

ಅಂದರೆ ಕಾರ್ಕಳ! ನಾರ್ವೆ ಅಲ್ಲ, ಹಿರಿಯಡ್ಕದಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವ ಮೊದಲು ಸಿಗುವ ಕಾರ್ಕಳ.

ಶಶಿಕಲಾಳ ಮುಖ ಬಿಳಿಚಿತು. ಯಾಕೆಂದರೆ ನಿಶಾಳಿಗೆ ಗೊತ್ತಾದ ಹುಡುಗನ ಮನೆಯೂ ಕಾರ್ಕಳವೇ.

"ಅಮ್ಮಾ," ನಿಶಾಳ ಸ್ವರ ಸಣ್ಣದಾಯಿತು, "ಅವರ ಬಗ್ಗೆ ಎಂತ ಎಲ್ಲ ಬರೆದಿದ್ದೀ?"

ಎಲ್ಲವನ್ನೂ ಬರೆದಿದ್ದಳು. ಮೂರು ತಿಂಗಳ ಹಿಂದೆ ಹುಡುಗನ ಮನೆ ನೋಡಿ ಬಂದ ಸಂಜೆಯೇ ಬರೆಯಲು ಶುರು ಮಾಡಿದ್ದಳು. ಹುಡುಗನ ಅಮ್ಮ ಉಪ್ಪಿಟ್ಟಿಗಿಂತ ಹೆಚ್ಚು ಹೊಸ ಫ್ರಿಜ್ಜಿನ ವರ್ಣನೆ ಬಡಿಸಿದ್ದನ್ನು. ಅದೇ ಮನೆಯಲ್ಲಿರುವ ಹುಡುಗನ ಸೋದರತ್ತೆಯೊಬ್ಬರು ಮೂಲೆಯಲ್ಲಿ ಕೂತಿದ್ದನ್ನು: "ಬಾಯಿಯೇ ತೆರೆಯಲಿಲ್ಲ. ಚಕ್ಕುಲಿ ಮಾತ್ರ ತಿಂದರು." ಈ ಸಂಬಂಧವೇ ಬೇಡವೆಂದು ಒಂದು ವಾರ ಯೋಚಿಸಿದ್ದನ್ನು. ಮಗಳು ಹೋದರೆ ತನ್ನ ಗತಿಯೇನೆಂದು ಅತ್ತದ್ದನ್ನೂ.

ಹುಡುಗನ ಮನೆಯ ಹೆಸರು ಬರೆದು ಶಶಿಕಲಾ ಕೇಳಿದಳು: "ಅವರು ನಿಮಗೆ ಗೊತ್ತಾ?"

ಉತ್ತರ ಈ ಸಲ ತಡವಾಗಲಿಲ್ಲ.

"ಗೊತ್ತುಂಟು. ಆ ದಿನ ಮೂಲೆಯಲ್ಲಿ ಕೂತು ಚಕ್ಕುಲಿ ತಿಂದದ್ದು ನಾನೇ."

ಶಶಿಕಲಾ ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದಳು. ಜುಬೇದಾ ಒಂದೂ ಸೀರೆ ಮಾರದೆ ಗಂಟು ಕಟ್ಟಿದಳು. (ನಾನು ಕಂಡಂತೆ ಇದು ಮೊದಲ ಸಲ.)

ಆಮೇಲಿನ ದಿನಗಳಲ್ಲಿ ಶಶಿಕಲಾ ಆ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಫೋನು ರಿಂಗಾದರೆ ಬೆಚ್ಚಿ ಬೀಳುತ್ತಿದ್ದಳು. ಕಾರ್ಕಳದಿಂದ 'ನಮಗೆ ಸಂಬಂಧ ಬೇಡ' ಎಂಬ ಕರೆಯೇ ಇರಬೇಕೆಂದು. ನನಗೂ ಆ ಶಾಕ್ ಇಳಿಯಲಿಲ್ಲ. ಪಕ್ಕದ ಮನೆಯವರಿಗೆ ಹೇಳಲಾಗದ್ದನ್ನು ಹೇಳಲಿಕ್ಕೇ ತಾನೇ ನಾವು ಅಪರಿಚಿತರನ್ನು ಹುಡುಕಿ ಅಷ್ಟು ದೂರ ಹೋಗುವುದು? ಅಷ್ಟು ದೂರ ಹೋದರೂ ಸಿಗುವುದು ಬೀಗರಾ? ಈ ಜಿಲ್ಲೆಯವರಿಗೆ ಅಪರಿಚಿತರೆಂಬ ಭಾಗ್ಯವೇ ಇಲ್ಲವೇ?

ಕರೆ ಬರಲಿಲ್ಲ. ಒಂದು ಸಂಜೆ ನಿಶಾಳೇ ಅಮ್ಮನ ಎದುರು ಕೂತಳು.

"ಅಮ್ಮ, ನೀನು ಬರೆದ ದಿನವೇ ಆ ಅತ್ತೆಗೆ ಗೊತ್ತಾಗಿದೆ ಅಲ್ವಾ, ನೀನು ಯಾರು ಅಂತ? ಮೂರು ತಿಂಗಳು. ಆ ಮನೆಯಿಂದ ಒಂದು ಮಾತು ಬಂತಾ?"

ಶಶಿಕಲಾ ಇಲ್ಲವೆಂದು ತಲೆಯಾಡಿಸಿದಳು.

"ನಾನು ನನ್ನ ಫೋನಿನಿಂದ ಆ ಲೋಕದ ಒಳಗೆ ಹೋಗಿ ನೋಡಿದೆ. ದಿನಾ ನಿನ್ನ ಗೊಂಬೆ ಮನೆಯ ಮೆಟ್ಟಿಲ ಹತ್ತಿರ ಬಂದು ನಿಲ್ತಾರೆ. ಒಳಗೆ ಹೋಗುದಿಲ್ಲ. ಬಾಗಿಲ ಮೇಲೆ ಒಂದು ಸಾಲು ಬರೆದಿಟ್ಟಿದ್ದಾರೆ."

ಆ ಸಾಲು ನನಗೂ ಫೋನಿನಲ್ಲಿ ಓದಿ ಹೇಳಿದಳು: "ಮೊದಲೇ ಹೇಳಿದ್ದರೆ ನೀವು ಮಾತು ನಿಲ್ಲಿಸ್ತಿದ್ರಿ. ಈಗ ನೋಡಿ, ನಿಲ್ಲಿಸಿದ್ದೀರಿ."

ನಾನು ತಬ್ಬಿಬ್ಬಾದೆ. ಫ್ರಿಜ್ಜಿನ ಕಥೆ ಕೇಳಿದ ನಾನೇ ಅದನ್ನು ಆಗಲೇ ಮೂವರಿಗೆ ದಾಟಿಸಿದ್ದೆ. ಈ ಹೆಂಗಸು ಅದೇ ಮನೆಯಲ್ಲಿದ್ದುಕೊಂಡು, ಅದೇ ಫ್ರಿಜ್ಜಿನ ನೀರು ಕುಡಿಯುತ್ತ, ತುಟಿ ಬಿಚ್ಚಿರಲಿಲ್ಲ. ಮುಖ ನೋಡದೆ ಮಾಡಿಕೊಂಡ ಸ್ನೇಹ ಸ್ನೇಹವೇ ಅಲ್ಲವೆಂದು ಸಾರುತ್ತಿದ್ದವಳು ನಾನು. ನನ್ನ ಮುಖ ದಿನಾ ನೋಡುವವರಲ್ಲಿ ಇಷ್ಟು ಗಟ್ಟಿ ಹೊಟ್ಟೆ ಯಾರಿಗುಂಟು?

ಆದರೂ ಶಶಿಕಲಾ ಉತ್ತರ ಬರೆಯಲಿಲ್ಲ. "ಯಾವ ಮುಖದಲ್ಲಿ?" ಎಂದಳು.

ಕಳೆದ ಭಾನುವಾರ ನಿಶ್ಚಿತಾರ್ಥ ಆಯಿತು. ಜುಬೇದಾ ಶಶಿಕಲಾಳ ಕೈ ಹಿಡಿದು ಕಲ್ಯಾಣಮಂಟಪದ ಮೆಟ್ಟಿಲು ಹತ್ತಿಸಿದಳು. ಉಂಗುರ ಬದಲಾಯಿತು. ಹುಡುಗನ ಅತ್ತೆ ಬೂದು ಸೀರೆಯಲ್ಲಿ ಬಂದು ಶಶಿಕಲಾಳ ಪಕ್ಕದ ಕುರ್ಚಿಯಲ್ಲೇ ಕೂತರು. ಎರಡು ವರ್ಷ ದಿನಾ ಮಾತಾಡಿದವರು! ನಾನೂ ಜುಬೇದಾಳೂ ಕಿವಿ ನೆಟ್ಟು ಕಾದೆವು. ಇಬ್ಬರೂ ಎದುರಿನ ಗೋಡೆ ನೋಡಿದರು. ಇಬ್ಬರೂ ತಿಂಡಿ ತಿಂದರು. ಮಾತು? ಒಂದೂ ಇಲ್ಲ.

ಸಂಜೆ ಮನೆಗೆ ಬಂದು ಶಶಿಕಲಾ ಸೀರೆ ಬದಲಾಯಿಸದೆ ಲ್ಯಾಪ್‌ಟಾಪ್ ತೆರೆದಳು. ನೀಲಿ ಮೆಟ್ಟಿಲ ಹತ್ತಿರ ನಿಂತಿದ್ದಳು. ಶಶಿಕಲಾ ಬಾಗಿಲು ತೆರೆಯುವ ಮೊದಲೇ ಅವಳ ಮಾತು ಬಂತು.

"ಇವತ್ತು ಒಂದು ಕಾರ್ಯಕ್ಕೆ ಹೋಗಿದ್ದೆ ಮಾರಾಯ್ತಿ. ಪಕ್ಕದಲ್ಲಿ ಹುಡುಗಿಯ ಅಮ್ಮ ಕೂತಿದ್ದರು. ಬಾಯಿಯೇ ತೆರೆಯಲಿಲ್ಲ. ಚಕ್ಕುಲಿ ಮಾತ್ರ ತಿಂದರು."