ಮೈಲಿಗೆಯಿಲ್ಲದ ಕಂಬಳಿ

ಎಂಬತ್ತರ ದಶಕದ ಆರಂಭ. ಬಾದಾಮಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಮಲಪ್ರಭೆ ದಂಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ಎ.ಎನ್.ಎಂ., ಅಂದರೆ ಹೆರಿಗೆ, ಲಸಿಕೆ ನೋಡಿಕೊಳ್ಳುವ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ನರ್ಸಬಾಯಿ. ತುರ್ತು ಪರಿಸ್ಥಿತಿಯ ನಸಬಂದಿಯ, ಅಂದರೆ ಬಲವಂತದ ಸಂತಾನಹರಣ ಆಪರೇಷನ್ನಿನ ಭಯ ಇನ್ನೂ ಹೋಗಿರಲಿಲ್ಲ. ಸೂಜಿ ಕಂಡರೆ ಮುಖಕ್ಕೇ ಬಾಗಿಲು ಹಾಕುತ್ತಿದ್ದರು. ನಾನೂ ಬೆಣ್ಣೆ ಮಾತಿನವಳಲ್ಲ.

ಗಂಗವ್ವನ ಮನೆಯಿಂದ ಕರೆ ಬಂದದ್ದು ಕೆಲಸ ಕೆಟ್ಟ ಮೇಲೆ. ಸೊಸೆ ಶಾಂತವ್ವನ ಎರಡನೇ ಕೂಸು, ಹುಟ್ಟಿ ವಾರವಾಗಿತ್ತು. ದವಡೆ ಕಚ್ಚಿಕೊಂಡು ಮೊಲೆ ಹಿಡಿಯುತ್ತಿರಲಿಲ್ಲ. ಮುಟ್ಟಿದರೆ ಮೈ ಸೆಟೆದು ಬಿಲ್ಲಾಗುತ್ತಿತ್ತು. ಟೆಟನಸ್, ಧನುರ್ವಾಯು. ಬಾದಾಮಿಗೆ ಗಾಡಿ ಕಟ್ಟುವಷ್ಟರಲ್ಲಿ ಕೂಸು ಹೋಯಿತು. ಮೊದಲನೆಯದೂ ಹೀಗೇ ಹೋಗಿತ್ತಂತೆ.

“ಎಲ್ಲಾ ನಿನ್ನ ಕಾಲ್ಗುಣ,” ಗಂಗವ್ವ ಹೆಣದ ಮುಂದೆಯೇ ಸೊಸೆಗೆ ಅಂದಳು. “ಇನ್ನೊಂದು ಹ್ವಾತಂದ್ರ ನಿಮ್ಮಣ್ಣನ ಮನಿಗೆ ಅಟ್ಟತೇನಿ, ಮಗಗ ಬ್ಯಾರೆ ಹೆಣ್ಣ ತರ್ತೇನಿ.” ಶಾಂತವ್ವ ತಾಯಿಯಿಲ್ಲದ ಹುಡುಗಿ, ಬಾಣಂತನವೂ ಅತ್ತೆಮನೆಯಲ್ಲೇ.

ಸೂಲಗಿತ್ತಿಗೆ ತರಬೇತಿ ಕೊಟ್ಟವಳು ನಾನೇ. ಹೊಕ್ಕಳಬಳ್ಳಿ ಕತ್ತರಿಸಲು ಹೊಸ ಬ್ಲೇಡು, ಕಟ್ಟಲು ದವಾಖಾನೆಯಲ್ಲಿ ಶುದ್ಧ ಮಾಡಿದ ದಾರ. ಮತ್ತೆ ರೋಗ ಎಲ್ಲಿಂದ ಬಂತು? ಸುತ್ತ ನೋಡಿದೆ. ಬಾಣಂತಿಯ ಕೆಳಗೆ ಕರಿ ಕಂಬಳಿ ಹಾಸಿತ್ತು. ಹೆರಿಗೆಯಾದ ಮನೆಯಲ್ಲಿ ಸೀರೆ, ಕೌದಿ ಎಲ್ಲ ಒಗೆಯಲು ಹೋಗುತ್ತವೆ, ಕಂಬಳಿಗೆ ಮಾತ್ರ ಮೈಲಿಗೆಯಿಲ್ಲ. ಅದನ್ನು ಕೊಡವಿ, ಸುತ್ತಿ, ದನದ ಕೊಟ್ಟಿಗೆಯ ಅಟ್ಟಕ್ಕೆ ಹಾಕುತ್ತಾರೆ. ಮುಂದಿನ ಹೆರಿಗೆಗೆ ಅದೇ ಇಳಿಯುತ್ತದೆ. ಬಟ್ಟೆಗೆ ಹತ್ತಿದ ಎಷ್ಟೋ ರೋಗಾಣುಗಳು ಕೆಲವು ದಿನ, ಕೆಲವು ವಾರಗಳಲ್ಲಿ ಒಣಗಿ ಸಾಯುತ್ತವೆ. ಆದರೆ ಸೆಗಣಿ, ಮಣ್ಣಿನಲ್ಲಿರುವ ಟೆಟನಸ್ ಬ್ಯಾಕ್ಟೀರಿಯಾ ಸ್ಪೋರ್ ಆಗಿ, ಅಂದರೆ ಗಟ್ಟಿ ಸಿಪ್ಪೆಯ ಬೀಜದಂತಾಗಿ, ವರ್ಷಗಟ್ಟಲೆ ಕೂತಿರುತ್ತದೆ. ಬರೀ ಬಿಸಿಲಿಗೆ, ಒಗೆತಕ್ಕೆ ಅದು ಜಗ್ಗುವುದಿಲ್ಲ. ಕೂಸಿನ ಹಸಿ ಹೊಕ್ಕಳು ಅದೇ ಉಣ್ಣೆಯ ಮೇಲೆ ಹೊರಳುತ್ತಿತ್ತು.

ಶಾಂತವ್ವ ಮತ್ತೆ ಬಸುರಿಯಾದಳು. ತಾಯಿಗೆ ಕೊಟ್ಟರೆ ಕೂಸಿಗೂ ರಕ್ಷಣೆಯಾಗುವ ಟಿ.ಟಿ. ಇಂಜೆಕ್ಷನ್ ಹಿಡಿದು ಹೋದೆ. ಗಂಗವ್ವ ಅಡ್ಡ ನಿಂತಳು.

“ಹೊಟ್ಟಿ ತೆಗಸಾಕ ಬಂದಿಯೇನ? ನಡಿ ಹೊರಗ!”

ಬೈದುಕೊಳ್ಳುತ್ತಾ ವಾಪಸಾದೆ. ಆದರೆ ಶಾಂತವ್ವ ನೀರಿಗೆ ಹೋಗುವ ನೆವ ಹೇಳಿ ತಾನೇ ಉಪಕೇಂದ್ರಕ್ಕೆ ಬಂದಳು. ತಿಂಗಳು ಬಿಟ್ಟು ಮತ್ತೆ ಬಂದಳು. ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಗಟ್ಟಿ ಹೆಣ್ಣು!

ನೋವು ಶುರುವಾದ ದಿನ ಸೂಲಗಿತ್ತಿ ಹೇಳಿಕಳಿಸಿದಳು. ನಾನು ಹೋಗುವಷ್ಟರಲ್ಲಿ ಕಂಬಳಿ ಅಟ್ಟದಿಂದ ಇಳಿದಿತ್ತು. ಸಿಟ್ಟು ನೆತ್ತಿಗೇರಿತು. ಎತ್ತಿ ಅಂಗಳಕ್ಕೆ ಎಸೆದೆ. ಗಂಗವ್ವ ನನ್ನ ರಟ್ಟೆ ಹಿಡಿದು ಜಗ್ಗಿದಳು.

“ನಮ್ಮತ್ತಿ ಕಂಬಳಿ ಅದು! ಅದರ ಮ್ಯಾಲ ನಾ ಆರು ಹಡದೇನಿ!”

“ಉಳದಾವು ಎಷ್ಟು?” ಎಂದೆ.

ಹಿಡಿತ ಸಡಿಲಾಯಿತು. ಅವಳ ಒಬ್ಬನೇ ಮಗ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಾನು ಕೋಣೆಯ ಬಾಗಿಲು ಹಾಕಿಕೊಂಡು, ದವಾಖಾನೆಯ ಹಾಸುಬಟ್ಟೆ ಹಾಸಿದೆ.

ಹೆಣ್ಣು ಕೂಸು. ಅಪಾಯದ ದಿನಗಳು ಕಳೆಯುವವರೆಗೆ ನಿತ್ಯ ಹೋದೆ, ಕೂಸುಗಳನ್ನು ಕೊಂದದ್ದು ಕಂಬಳಿಯ ರೋಗಾಣು ಎಂದು ಅತ್ತೆ-ಸೊಸೆ ಇಬ್ಬರಿಗೂ ಬಿಡಿಸಿ ಹೇಳಿದೆ. ಗಂಗವ್ವ ಒಂದು ತಂಬಿಗೆ ನೀರೂ ಕೊಡಲಿಲ್ಲ. ಕೂಸು ಗಟಗಟ ಹಾಲು ಕುಡಿದು ಬದುಕಿತು. ಶಾಂತವ್ವ ಆ ಮನೆಯಲ್ಲೇ ಉಳಿದಳು.

ಆಮೇಲೊಂದು ಮಧ್ಯಾಹ್ನ ಗಂಗವ್ವ ಉಪಕೇಂದ್ರಕ್ಕೆ ಬಂದಳು. ಉಪಕಾರ ನೆನೆಯಲು ಬಂದಳೆಂದು ನಾನು ಕುರ್ಚಿ ಎಳೆದೆ. ಕೂರಲಿಲ್ಲ.

“ಕಂಬಳಿ ಸುಟ್ಟೆ. ನನ್ನವು ಐದು ಹ್ವಾದಾಗ ನಮ್ಮತ್ತಿ ನನಗ ಮಕ್ಕಳ ತಿನ್ನಾಕಿ ಅಂದ್ಲು. ಖರೇ ಅಂತ ತಿಳಕೊಂಡ ಇಷ್ಟು ವರ್ಷ ಬಾಳೇ ಮಾಡೇನಿ. ನಿಮಗೆಲ್ಲಾ ಇದು ಗೊತ್ತಿತ್ತಲ್ಲ? ಆವಾಗ ಎಲ್ಲಿ ಸತ್ತಿದ್ರಿ ನೀವು?”

ಉತ್ತರಕ್ಕೆ ಕಾಯದೆ ಹೊರಟುಹೋದಳು. ಕೊನೆಯವರೆಗೂ ನನ್ನೊಡನೆ ಮಾತಾಡಲಿಲ್ಲ.

ಯಾವ ರೋಗಾಣು ಬಟ್ಟೆಯಲ್ಲಿ ಎಷ್ಟು ಕಾಲ ಬದುಕುತ್ತದೆಂದು ಇಂದಿಗೂ ಹೇಳಬಲ್ಲೆ. ಆದರೆ ನೌಕರಿ ನನಗೆ ಕಲಿಸಿದ್ದು ಬೇರೆ: ತಡವಾಗಿ ಬಂದವರು ಕುರ್ಚಿ ಎಳೆದು ಉಪಕಾರಸ್ಮರಣೆಗೆ ಕಾಯಬಾರದು, ನಿಂತುಕೊಂಡು ಬೈಸಿಕೊಳ್ಳಬೇಕು.